ಆರ್ವಿಲಾಳ ಗೇಟು

ಶವಪೆಟ್ಟಿಗೆಯ ಹಿಂದಿನ ಹಿಡಿ ಹಿಡಿದಿದ್ದ ಡೆಲ್ಮರ್ ಥಾರ್ಲಿಯ ಬೂಟು ಜಲ್ಲಿಯ ಮೇಲೆ ಜಾರಿತು. ಪೆಟ್ಟಿಗೆ ವಾಲಿತು. ಮುಂದಿದ್ದ ಗೆಳೆಯ ಗಾರ್ಥ್ ಜೆಪ್ಸನ್ ಹಲ್ಲು ಕಚ್ಚಿ ಭಾರವನ್ನೆಲ್ಲ ತನ್ನ ತೋಳಿಗೆ ತೆಗೆದುಕೊಂಡ.

"ನಿಧಾನ ಕಣೋ. ಅಕ್ಕನ ಜೊತೆ ನೀನೂ ಗುಂಡಿಗೆ ಹೋಗ್ಬೇಡ."

"ಹೋದ್ರೆ ಒಳ್ಳೇದೇ ಆಯ್ತಲ್ಲ. ಊಟ ಹೇಗೂ ರೆಡಿ ಇದೆ."

ಹಿಂದೆ ಯಾರೋ ನಗುವನ್ನು ಕೆಮ್ಮಿನೊಳಗೆ ಮುಚ್ಚಿಟ್ಟರು. ಆಗಸ್ಟ್ ತಿಂಗಳ ಬಿಸಿಗಾಳಿ ಹೆಂಗಸರ ಲಂಗಗಳನ್ನು ಎಳೆದಾಡುತ್ತಿತ್ತು. ಬಿಷಪ್ ಸಮಾಧಿಯ ಪ್ರಾರ್ಥನೆಯನ್ನು ಚುಟುಕಾಗಿ ಮುಗಿಸಿದರು. ಉದ್ದುದ್ದ ಭಾಷಣ ಆರ್ವಿಲಾಗೆ ಸೇರುತ್ತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಡೆಲ್ಮರ್ ಅಳಲಿಲ್ಲ. ಒಂದು ವರ್ಷ ಕ್ಯಾನ್ಸರ್ ಅಕ್ಕ ಆರ್ವಿಲಾಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಸದ್ಯ, ಬಿಡುಗಡೆಯಾಯಿತಲ್ಲ ಎಂದು ಅವನ ಮನಸ್ಸು ಹಗುರಾಗಿತ್ತು. ಆ ಹಗುರದ ನಡುವೆ ಒಂದೇ ಒಂದು ಮಾತು ಬೂಟಿನೊಳಗೆ ಸೇರಿದ ಕಲ್ಲಿನ ಹಾಗೆ ಒತ್ತುತ್ತಿತ್ತು.

* * *

ಸಾಯುವ ಹಿಂದಿನ ದಿನ ಅವಳ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದರು. ಅಲ್ಲಿಂದ ಒರತೆ ಕಾಣುತ್ತಿತ್ತು, ಒರತೆಯ ನೀರು ಬಂದು ಬೀಳುವ ತೊಟ್ಟಿ ಕಾಣುತ್ತಿತ್ತು, ಅದರಾಚೆ ಊರಿನ ದಾರಿಗೆ ಸೇರುವ ಬೇಲಿಯ ಗೇಟು ಕಾಣುತ್ತಿತ್ತು. ಗೇಟು ಎಂದಿನಂತೆ ಹಾರುಹೊಡೆದಿತ್ತು. ಅಪ್ಪನ ಜಮೀನು ಪಾಲಾದಾಗ ಹುಲ್ಲುಗಾವಲು ಡೆಲ್ಮರ್‌ಗೆ, ಒರತೆ ಅಕ್ಕನಿಗೆ ಬಂದಿತ್ತು. ಬಂದ ದಿನವೇ ಅವಳು ಆ ಗೇಟು ತೆರೆದಿಟ್ಟಳು, ಆಚೆಯ ಬಯಲಿನ ಕಾಡುಕುದುರೆಗಳು ಬಂದು ನೀರು ಕುಡಿದು ಹೋಗಲಿ ಎಂದು.

"ಲೋ ಡೆಲ್ಮರ್, ನಾನು ಹೋದ್ಮೇಲೆ ಗೇಟು ಹಾಕ್ಬೇಡ ಕಣೋ."

"ಮೊದ್ಲು ಒಂದು ಗುಟುಕು ನೀರು ಕುಡಿ."

"ಹಾಕಲ್ಲ ಅನ್ನು."

"ಸುಮ್ನೆ ಮಲಗಕ್ಕ. ಏನೇನೋ ಮಾತಾಡ್ಬೇಡ."

ಅವಳು ಅವನ ಮುಖವನ್ನೇ ನೋಡುತ್ತಿದ್ದು, ಆಮೇಲೆ ಕಿಟಕಿಯ ಕಡೆ ತಿರುಗಿದಳು.

ಹಾಕುವುದಿಲ್ಲ ಎನ್ನಲು ಅವನಿಗೇನು ಬಾಯಿ ಬಿದ್ದುಹೋಗಿತ್ತೇ? ಆದರೆ ಅವನ ದನಗಳು ಮೇಯುವುದೂ ಅದೇ ಬಯಲಿನಲ್ಲಿ. ಊರಿನಲ್ಲಿ ಸಭೆ ಸೇರಿದಾಗಲೆಲ್ಲ ಎದ್ದು ನಿಂತು, ಈ ಕುದುರೆಗಳು ನಮ್ಮ ಹುಲ್ಲಿಗೆ ಶನಿ ಎಂದು ಅರ್ಧ ಆಯುಷ್ಯ ಕೂಗಾಡಿದವನು ಅವನು. ಅಷ್ಟನ್ನೂ ಒಂದೇ ಮಾತಿನಲ್ಲಿ ನುಂಗುವುದು ಕಷ್ಟವಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಸಂಜೆ ಅವನು ಹೇಳುವ ಮೊದಲೇ ಅವಳು ಹೋಗಿಬಿಟ್ಟಳು.

* * *

ಚರ್ಚಿನ ಹಾಲ್‌ನಲ್ಲಿ ಊಟ ಸಾಗಿತ್ತು. ಹ್ಯಾಮ್, ಬನ್ನು, ಹಸಿರು ಜೆಲ್ಲಿ, ಮತ್ತೆ ಚೀಸ್ ಹಾಕಿ ಬೇಯಿಸಿ ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿದ ಆಲೂಗಡ್ಡೆ. ಯೂಟಾದ ಈ ಊರುಗಳಲ್ಲಿ ಯಾರು ಸತ್ತರೂ ಅದೇ ಆಲೂಗಡ್ಡೆ.

"ನಿಮ್ಮಕ್ಕ ಇದನ್ನ ಮುಟ್ತಾನೇ ಇರ್ಲಿಲ್ಲ" ಎಂದಳು ಡೆಲ್ಮರ್‌ನ ಹೆಂಡತಿ ಮಾರ್ವಾ, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ. "ತಿಂದ್ರೆ ಸತ್ತೋರು ನೆನಪಾಗ್ತಾರೆ ಅಂತಿದ್ರು."

"ಕುದುರೆಗಳಿಗೆಲ್ಲ ಟೀಚರುಗಳ ಹೆಸರಿಟ್ಟಿದ್ಳಲ್ಲಪ್ಪ, ಅದು ನೆನಪಾಗುತ್ತೆ ನಂಗೆ" ಎಂದ ಗಾರ್ಥ್. "ಆ ಮುಂದಾಳು ಬೂದು ಕುದುರೆ ಓಲ್ಸನ್ ಟೀಚರಂತೆ. ಬೈನಾಕ್ಯುಲರ್ ಹಿಡ್ದು ನೋಡ್ದೆ ಒಂದ್ಸಲ. ಸತ್ಯ ಹೇಳ್ತೀನಿ, ಅದೇ ಮೂತಿ!"

ಮೇಜಿಗೆ ಮೇಜೇ ನಕ್ಕಿತು. ಅಷ್ಟರಲ್ಲಿ ಬಾಗಿಲಲ್ಲಿ ನೈಲಾ ಕಾಣಿಸಿದಳು. ಪಕ್ಕದ ಊರಿನ ಶಾಲೆಯಲ್ಲಿ ಪಾಠ ಹೇಳುವವಳು, ಆರ್ವಿಲಾ ಹಾಸಿಗೆ ಹಿಡಿದ ಮೇಲೆ ಅವಳ ಕಾಡುಕುದುರೆಗಳನ್ನು ನೋಡಿಕೊಳ್ಳುವ ಕೆಲಸ ವಹಿಸಿಕೊಂಡವಳು. ಗಾಡಿಯ ಟೈರು ಒಡೆದು ಸಮಾಧಿಯ ಹೊತ್ತಿಗೆ ಬರಲಾಗಿರಲಿಲ್ಲ. ಮುಖ ಕೆಂಪಾಗಿತ್ತು, ಅದು ಬಿಸಿಲಿಗೆ ಮಾತ್ರ ಆದದ್ದಾಗಿರಲಿಲ್ಲ. ನೆಟ್ಟಗೆ ಬಂದು ಡೆಲ್ಮರ್‌ನ ಎದುರು ನಿಂತಳು.

"ಬ್ರದರ್ ಥಾರ್ಲಿ" ಎಂದಳು, ಚರ್ಚಿನವರ ರೂಢಿಯಂತೆ. "ಬಯಲಿನ ದಾರೀಲಿ ಬಂದೆ. ಕುದುರೆಗಳೆಲ್ಲ ನಿಮ್ಮಕ್ಕನ ಗೇಟಿನ ಹೊರಗೆ ನಿಂತಿವೆ. ಗೇಟು ಹಾಕಿ ಸರಪಳಿ ಸುತ್ತಿದೀರ."

ನಗು ನಿಂತಿತು.

"ತೆಗೀಬಾರ್ದಿತ್ತಾ?" ಎಂದಳು ಮಾರ್ವಾ.

"ಇನ್ನೊಬ್ರ ಗೇಟು ಹೇಗಿತ್ತೋ ಹಾಗೇ ಬಿಡ್ಬೇಕು ಅಂತ ಇದೇ ಊರಲ್ಲಿ ಕಲ್ತಿದ್ದು ನಾನು. ಈಗ ಅದು ಇವರ ಗೇಟು. ಕೇಳ್ದೆ ಹೇಗೆ ಮುಟ್ಲಿ? ಗುಡ್ಡದಾಚೆ ಕುಂಟೆ ಬತ್ತಿ ತಿಂಗಳಾಯ್ತು, ಬೇರೆ ನೀರಿಲ್ಲ ಅವಕ್ಕೆ. ಚಿಕ್ಕ ಮರಿ ಮಲಗ್ಬಿಟ್ಟಿದೆ."

ಗಾರ್ಥ್ ಫೋರ್ಕನ್ನು ಕೆಳಗಿಟ್ಟ. ಅವನಿಗೂ ಕುದುರೆ ಕಂಡರೆ ಆಗದು. ಆದರೂ ಅವನ ದನಿ ಗಡುಸಾಯಿತು. "ಅಲ್ಲ ಕಣೋ, ಗುಂಡಿ ಮಣ್ಣು ಆರೋ ತನಕವಾದ್ರೂ ಕಾಯ್ಬಾರ್ದಿತ್ತಾ?"

"ನಾನು ಹಾಕಿಲ್ಲ" ಎಂದ ಡೆಲ್ಮರ್. "ದೇವ್ರಾಣೆ, ನಾನ್ಯಾಕೆ…"

ಅವನ ಬಲಗೈಗೆ ನೆನಪಾಗಿತ್ತು. ಮೊನ್ನೆ ಸಂಜೆ ಶವದ ಗಾಡಿ ಮುಂದೆ, ಅವನ ಪಿಕಪ್ ಹಿಂದೆ. ಕಣ್ಣಿಗೆ ಧೂಳು, ಧೂಳಿನ ಹಿಂದೆ ಹಿಂಬದಿಯ ಕೆಂಪು ದೀಪ, ಬೇರೇನೂ ಕಾಣುತ್ತಿರಲಿಲ್ಲ. ಗೇಟು ದಾಟಿ ನಿಲ್ಲಿಸಿದ್ದು, ಇಳಿದದ್ದು, ಎಳೆದದ್ದು, ಸರಪಳಿಯನ್ನು ಮೊಳೆಗೆ ಸಿಕ್ಕಿಸಿದ್ದು. ಹುಡುಗನಾಗಿದ್ದಾಗಿನಿಂದ ತನ್ನ ಜಮೀನಿನ ಪ್ರತಿ ಗೇಟನ್ನೂ ಹಿಂದೆ ತಿರುಗಿ ಹಾಕಿದ ಕೈ ಅದು. ಅವತ್ತು ತಲೆಯನ್ನು ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು.

"ಹಾಕಿದ್ದು ನಾನೇ" ಎಂದ, ತನಗೇ ಕೇಳಿಸದ ದನಿಯಲ್ಲಿ. "ಗೊತ್ತಿಲ್ದೆ ಹಾಕ್ಬಿಟ್ಟೆ ಮಾರ್ವಾ."

ಮಾರ್ವಾ ಅವನ ತಟ್ಟೆಯ ಮೇಲೆ ಬೆಳ್ಳಿಹಾಳೆ ಮುಚ್ಚಿ ಕೈಗೆ ತುರುಕಿದಳು. "ನಿಂತ್ಕೊಂಡು ಹೇಳ್ತಾ ಇರ್ಬೇಡ, ಓಡು. ಇಲ್ಲಿಯೋರಿಗೆ ನಾನು ಹೇಳ್ತೀನಿ."

* * *

ಆ ಚಿಕ್ಕ ಮರಿ ಹುಟ್ಟಿದ್ದೇ ಡೆಲ್ಮರ್‌ನ ದೆಸೆಯಿಂದ.

ಎಷ್ಟೋ ವರ್ಷಗಳ ಹಿಂದೆ ಬಯಲಿನಲ್ಲಿ ಕುದುರೆ ಹೆಚ್ಚಾದವೆಂದು ಸರ್ಕಾರದವರು ಹೆಲಿಕಾಪ್ಟರ್ ತರಿಸಿ ಅಟ್ಟಿ ಹಿಡಿದಿದ್ದರು. ತಾಯಿ ಒಂದು ಲಾರಿಗೆ, ಮರಿ ಒಂದು ಲಾರಿಗೆ. ಅದನ್ನು ನೋಡಿ ಬಂದ ಆರ್ವಿಲಾ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಹೋಗಿ ಮದ್ದಿನ ಸೂಜಿ ಹಾರಿಸುವ ಡಾರ್ಟ್ ಬಂದೂಕು ಹಿಡಿಯುವುದನ್ನು ಕಲಿಯಲು ಹೆಸರು ಕೊಟ್ಟಳು. ಚಳಿಗಾಲ ಮುಗಿಯುವಾಗ ಹೆಣ್ಣು ಕುದುರೆಯ ಚಪ್ಪೆಗೆ ಒಂದು ಡಾರ್ಟ್ ಮದ್ದು ಬಿದ್ದರೆ ಆಮೇಲಿನ ವರ್ಷ ಅದು ಈಯುವುದಿಲ್ಲ. ಹುಟ್ಟುವುದು ಕಡಿಮೆಯಾದರೆ ಹೆಲಿಕಾಪ್ಟರಿಗೆ ಬರಲು ನೆಪವಿಲ್ಲ. ಅಲ್ಲಿಂದೀಚೆಗೆ ಅದು ಬಂದಿರಲಿಲ್ಲ.

ಗಾಡಿ ಓಡಿಸುವವನು ಡೆಲ್ಮರ್. ಕುದುರೆ ಕಡಿಮೆಯಾದರೆ ನನ್ನ ದನಕ್ಕೆ ಲಾಭ, ಅದಕ್ಕೇ ಬರುತ್ತೇನೆ ಎಂದು ಎಲ್ಲರಿಗೂ ಸಾರಿಕೊಂಡಿದ್ದ. ಡಾರ್ಟು ಚುಚ್ಚಿ ಉದುರಿದ ಮೇಲೆ ಅದು ಸಿಗುವವರೆಗೆ ಆರ್ವಿಲಾ ಬಯಲು ಬಿಟ್ಟು ಹೊರಡುತ್ತಿರಲಿಲ್ಲ. ಅಣ್ಣತಮ್ಮಂದಿರ ಜಗಳಕ್ಕೂ ಅಷ್ಟು ಹಟವಿರುವುದಿಲ್ಲ. ಇಬ್ಬರೂ ಬಗ್ಗಿ ಸೇಜ್ ಪೊದೆಗಳ ಬುಡ ಕೆದಕುತ್ತ ಮಧ್ಯಾಹ್ನವೆಲ್ಲ ಕಳೆಯುತ್ತಿದ್ದರು.

ಹಿಂದಿನ ವರ್ಷ ಓಲ್ಸನ್ ಟೀಚರು ಗುರಿಗೆ ಸಿಕ್ಕಿ ನಿಂತ ಗಳಿಗೆಯಲ್ಲೇ ಡೆಲ್ಮರ್ ಸೀನಿದ. ಕುದುರೆ ಹಾರಿತು, ಡಾರ್ಟು ಮಣ್ಣು ಸೇರಿತು, ಮತ್ತೆ ಆ ಋತುವಿನಲ್ಲಿ ಅದು ಹತ್ತಿರ ಬರಲಿಲ್ಲ. ಈ ವಸಂತದಲ್ಲಿ ಕಂದು ಬಣ್ಣದ ಗಂಡು ಮರಿ ಹುಟ್ಟಿತು. ಆರ್ವಿಲಾ ಅದಕ್ಕೆ ಡೆಲ್ಮರ್ ಎಂದು ಹೆಸರಿಟ್ಟಳು.

"ಹುಟ್ಟಿದ್ದು ನಿನ್ನಿಂದ, ಹೆಸರೂ ನಿಂದೇ ಇರ್ಲಿ. ಕಾಲೂ ನಿನ್ನ ಥರಾನೇ ಸೊಟ್ಟ."

"ಎದುರಿಗೇ ಬಂದು ನನ್ನನ್ನೇ ದುರುಗುಟ್ಟಿ ನೋಡುತ್ತೆ ಅದು."

"ನೀನು ನೋಡ್ತೀಯ, ಅದಕ್ಕೆ. ಅವುಗಳನ್ನ ದಿಟ್ಟಿಸ್ಬಾರ್ದು ಕಣೋ. ಬೆನ್ನು ತಿರುಗಿಸಿ ಕೂತ್ಕೋ, ಏನಾದ್ರೂ ತಿನ್ನು. ಇವನಿಂದ ಏನೂ ಅಪಾಯವಿಲ್ಲ ಅಂತ ತಿಳ್ಕೊಂಡು ತಾವೇ ಬರ್ತವೆ."

* * *

ಡೆಲ್ಮರ್ ಥಾರ್ಲಿ ಗೇಟಿನ ಹತ್ತಿರ ಬರುವ ಹೊತ್ತಿಗೆ ನೆರಳು ಉದ್ದವಾಗಿತ್ತು. ಪಿಕಪ್ಪಿನ ಸದ್ದಿಗೆ ಹಿಂಡು ಬೆದರಿ ಒಂದಷ್ಟು ದೂರ ಓಡಿ ನಿಂತಿತು. ಗೇಟಿನ ಮುಂದಿನ ನೆಲವನ್ನೆಲ್ಲ ಗೊರಸು ಕೆರೆದು ಹಿಟ್ಟು ಮಾಡಿತ್ತು. ಬೂದು ಕುದುರೆಯ ಹೊಟ್ಟೆ ಒಳಕ್ಕೆ ಹೋಗಿತ್ತು. ಮರಿ ಎದ್ದಿತು, ನಾಲ್ಕು ಹೆಜ್ಜೆ ಹಾಕಿತು, ಮತ್ತೆ ಮಡಚಿಕೊಂಡು ಕೂತಿತು.

ಅವನು ಸರಪಳಿ ಬಿಚ್ಚಿದ. ಗೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಗಾಡಿಯನ್ನು ಒಳಗೆ ಒಂದು ಪಕ್ಕಕ್ಕೆ ನಿಲ್ಲಿಸಿ ಕಾದ. ಒಂದೂ ಅಲುಗಲಿಲ್ಲ. ನೀರಿನ ವಾಸನೆಗೆ ಮೂಗು ಅರಳಿಸುತ್ತಿದ್ದವು, ಅವನನ್ನು ನೋಡುತ್ತಿದ್ದವು.

"ಬನ್ರೇ ಮಾರಾಯ್ರೇ" ಎಂದ. "ಟೀಚರೇ, ತಪ್ಪಾಯ್ತು. ಬನ್ನಿ."

ಓಲ್ಸನ್ ಟೀಚರು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

ಆಗ ಅವನು ಅವಕ್ಕೆ ಬೆನ್ನು ತಿರುಗಿಸಿ ಗಾಡಿಯ ಹಿಂಬದಿಯ ಪಕ್ಕ ನೆಲದ ಮೇಲೆ ಕೂತ. ತಟ್ಟೆಯ ಬೆಳ್ಳಿಹಾಳೆ ತೆಗೆದು ತಣ್ಣಗಾದ ಆಲೂಗಡ್ಡೆ ತಿನ್ನತೊಡಗಿದ. ಎದುರಿಗೆ ಅಕ್ಕನ ಖಾಲಿ ಕಿಟಕಿ ಇತ್ತು. ಅದನ್ನೇ ನೋಡುತ್ತ, "ಹಾಕಲ್ಲ ಕಣಕ್ಕ" ಎಂದ. "ಇನ್ಮೇಲೆ ಹಾಕಲ್ಲ." ಅವಳು ಇದ್ದಾಗ ಬಾರದ ಮಾತು ಈಗ ಬಂತು.

ತಟ್ಟೆ ಖಾಲಿಯಾಗುವ ಹೊತ್ತಿಗೆ ಹಿಂದೆ ಒಂದು ಗೊರಸು ಕಲ್ಲಿಗೆ ತಾಗಿತು. ಆಮೇಲೆ ಇನ್ನೊಂದು. ಬೆವರಿನ ವಾಸನೆ ಪಕ್ಕದಲ್ಲೇ ಹಾದುಹೋಯಿತು. ಅವನು ತಿರುಗಲಿಲ್ಲ. ತೊಟ್ಟಿಯ ಕಡೆಯಿಂದ ಉದ್ದುದ್ದ ಗುಟುಕಿನ ಸದ್ದು ಬಂತು, ಬಹಳ ಹೊತ್ತು. ನಡುವೆ ಒಂದು ಎಳೆಯ ಸದ್ದು, ತಾಳವಿಲ್ಲದೆ ನೀರು ಚೆಲ್ಲಾಡುವಂಥದ್ದು. ಕೊನೆಗೆ ತಡೆಯಲಾಗದೆ ಓರೆಗಣ್ಣಿನಿಂದ ನೋಡಿದ. ಸೊಟ್ಟ ಕಾಲಿನ ಡೆಲ್ಮರ್ ಮೂತಿಯನ್ನು ಕಣ್ಣಿನವರೆಗೂ ನೀರಿನಲ್ಲಿ ಮುಳುಗಿಸಿ ಸೀನುತ್ತಿತ್ತು.

ಆಗ ಅವನಿಗೆ ಅಳು ಬಂತು. ನಗುವೂ ಬಂತು. ಎರಡನ್ನೂ ಸದ್ದಾಗದಂತೆ ಅಂಗಿಯ ತೋಳಿನಲ್ಲಿ ಒರೆಸಿಕೊಂಡ.

ಹಿಂಡು ಗುಡ್ಡದ ಕಡೆ ಹೋದ ಮೇಲೆ ಗಾಡಿಯಿಂದ ಸ್ಪ್ಯಾನರ್ ತೆಗೆದ. ಕೀಲಿನ ನಟ್ಟುಗಳು ತುಕ್ಕು ಹಿಡಿದಿದ್ದವು. ಬೈದು, ಬಡಿದು, ಬಿಚ್ಚಿ, ಗೇಟಿನ ಒಂದು ತುದಿಯನ್ನು ಮೊದಲು ಗಾಡಿಯ ಮೇಲಿಟ್ಟು ಇನ್ನೊಂದು ತುದಿಯನ್ನು ಭುಜ ಕೊಟ್ಟು ನೂಕಿದ. ಸೊಂಟ ಹಿಡಿದುಕೊಂಡು ಒಂದು ಗಳಿಗೆ ನಿಂತ. ಹಾಲ್‌ನಲ್ಲಿ ಎಲ್ಲರೂ ಕಾಯುತ್ತಿದ್ದರು.

ಬಾಗಿಲಿಲ್ಲದ ಆ ಎರಡು ಕಂಬಗಳನ್ನು ದಾಟುತ್ತಿದ್ದಂತೆ ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಂತಿತು. ಗೇಟು ಹಾಕಲೆಂದು ಗಾಡಿಯ ಬಾಗಿಲು ತೆರೆದು ಒಂದು ಬೂಟನ್ನು ಆಗಲೇ ನೆಲಕ್ಕೆ ಊರಿದ್ದ, ಅಷ್ಟರಲ್ಲಿ ಬೆನ್ನ ಹಿಂದೆ ಗಾಡಿಯ ಮೇಲಿದ್ದ ಗೇಟು ಗಡಗಡ ಎಂದಿತು.