ಕಪ್ಪು ಅಂಗಿಯ ಮೇಲೆ ಬಿಳಿ

ಬಿಳಿ ಗಟ್ಟಿಯಾಗಿದೆ, ಡಬ್ಬಿಯೊಳಗೆ ಕೋಲು ನೆಟ್ಟಗೆ ನಿಂತುಬಿಟ್ಟಿದೆ, ಚಳಿಗೆ ಹೀಗೇ, ಈ ಬಣ್ಣಕ್ಕೂ ನನಗೂ ಒಂದೇ ರೋಗ, ಬೆಳಗ್ಗೆ ಮೈ ಬಗ್ಗೋದಿಲ್ಲ, ಬೈದು ಬೈದು ಕಲಕಬೇಕು — ಎಡಗೈಯಲ್ಲಿ ಕಲಕೋದು ಕಲಿತಾಯ್ತು, ಬಲಗೈ ತೊಡೆ ಮೇಲೆ ಬಿದ್ದಿದೆ, ಲಕ್ವ ಹೊಡೆದಾಗಿನಿಂದ ಊಟಕ್ಕೆ ಬಂದು ಕೆಲಸಕ್ಕೆ ಏಳದ ನೆಂಟನ ಹಾಗೆ, ಬೆರಳು ಬಿಸಿ ತಣ್ಣಗೆ ಎಲ್ಲ ತಿಳ್ಕೊಳ್ಳತ್ತೆ, ಹಿಡಿ ಅಂದರೆ ಮಾತ್ರ ಕಿವುಡು. ಮಗ ಬಾಗಿಲ ಹತ್ತಿರ ಟೇಪು ಹಿಡಿದು ನಿಂತಿದಾನೆ, ನನ್ನ ಮೇಜಿನ ಉದ್ದ ಅಳೆದಾಯ್ತು, ಅಗಲ ಅಳೆದಾಯ್ತು, ಇದನ್ನ ಎತ್ತಿಸಿದರೆ ಇಲ್ಲಿ ಮಷಿನ್ ಕೂರತ್ತಂತೆ, ಕಂಪ್ಯೂಟರಿಂದ ಚಿತ್ರ ಬರತ್ತೆ, ಬಿಸಿ ಒತ್ತಿ ಅಂಗಿಗೆ ಅಂಟಿಸಿದರೆ ಮುಗೀತು, ಅದಕ್ಕೆ ಸೊಸೆ ಒಬ್ಬಳೇ ಸಾಕು, ನೀನು ಆರಾಮಾಗಿ ಮನೇಲಿರಮ್ಮ. ಆರಾಮ! ನಾನೇನು ಕೇಳಿದ್ನಾ? ಮನೇಲಿ ಕೂತು ಗೋಡೆಗೆ ಕಥೆ ಹೇಳಲಾ? ನಿನ್ನೆ ಜಗಳ ಆಡ್ತಾ ಆಡ್ತಾ ನಾನೇ ಅಂದೆ, ಸೈಕಲ್ ಕ್ಲಬ್ಬಿನ ಅಂಗಿ ಬಂದಿದೆಯಲ್ಲ, ಅದರಲ್ಲಿ ಒಂದಕ್ಕೆ ನಾನು ಈ ಮೇಜಿನ ಮೇಲೆ ಅಚ್ಚು ಹೊಡೀತೀನಿ, ಗಿರಾಕಿ ಕೈಗೆ ಕೊಡೋ ಹಾಗೆ ಬಂದರೆ ಮೇಜು ಇಲ್ಲೇ ಇರತ್ತೆ, ಬರದಿದ್ದರೆ ಕಾಲು ಮುರಿದು ಒಲೆಗೆ ಹಾಕಿ — ಮೇಜಿನ ಕಾಲು ಮಾರಾಯ, ನನ್ನದಲ್ಲ. ಸೊಸೆ ನಕ್ಕಳು, ಅವನು ನಗಲಿಲ್ಲ, ಆಗಲಿ ಅಂದ. ಆಗಲಿ ಅಂದ ದನಿಯಲ್ಲೇ ಗೊತ್ತಾಯ್ತು, ಮುದುಕಿ ಸೋಲ್ತಾಳೆ, ತಾನಾಗೇ ಸುಮ್ಮನಾಗ್ತಾಳೆ ಅಂತ. ನೋಡೋಣ.

ಸೈಕಲ್ ಚಕ್ರ, ಕಪ್ಪು ಅಂಗಿಯ ಎದೆ ಮೇಲೆ ಬಿಳಿ ಚಕ್ರ, ಕಡ್ಡಿಗಳು ಕೂದಲಿನಷ್ಟು ಸಣ್ಣ, ಯಾವ ಪುಣ್ಯಾತ್ಮ ಬರೆದನೋ, ಬಣ್ಣ ಹೆಚ್ಚಾದರೆ ಕಡ್ಡಿ ಕಡ್ಡಿ ಕೂಡ್ಕೊಂಡು ಮುದ್ದೆ, ಕಮ್ಮಿಯಾದರೆ ಅರ್ಧಕ್ಕೇ ತುಂಡು — ಮೊದಲು ಚಿಂದಿ ಬಟ್ಟೆ, ಮೊದಲ ಎಳೆತ ಯಾವತ್ತೂ ಚಿಂದಿಗೇ, ಚಕ್ರದ ಅಚ್ಚಿರೋ ಜಾಲರಿ ಬಟ್ಟೆಯ ಸ್ಕ್ರೀನ್ ಇಳಿಸಿದೆ, ಬಣ್ಣ ಸುರಿದೆ, ಬಣ್ಣ ಎಳೆಯೋ ಹಿಡಿ, ಆ ಸ್ಕ್ವೀಜಿಯನ್ನ ಎಡಗೈಯಲ್ಲೇ ಹಿಡಿದೆ, ರಬ್ಬರಿನ ಅಂಚು ಕೂರಿಸಿ ನನ್ನ ಕಡೆಗೆ ಎಳೆದೆ, ಸದ್ದು ಸರಿ ಇಲ್ಲ, ಸ್ಕ್ರೀನ್ ಎತ್ತೋ ಮುಂಚೇನೆ ಕಿವಿಗೆ ಗೊತ್ತಾಯ್ತು. ಸರಿಯಾದ ಎಳೆತ ಚರ್ ಅನ್ನತ್ತೆ, ರಬ್ಬರ್ ದಾಟಿದ ಹಾಗೆ ಹಿಂದೆ ಸ್ಕ್ರೀನಿನ ಬಟ್ಟೆ ಅಂಗಿಯಿಂದ ಬಿಟ್ಕೊಳ್ಳೋ ಸದ್ದು ಅದು, ಹರೆಯದಲ್ಲಿ ದೊಡ್ಡ ಪ್ರಿಂಟಿಂಗ್ ಕಾರ್ಖಾನೆಯಲ್ಲಿ ಸ್ಕ್ರೀನ್ ತೊಳೀತಾ ಬೆನ್ನು ಹಾಕಿ ಕೂತು ಆ ಸದ್ದು ಕೇಳೇ ಕಲಿತದ್ದು ನಾನು, ಮೇಸ್ತ್ರಿ ಹೆಂಗಸರಿಗೆ ರಟ್ಟೆ ಇಲ್ಲ ಅಂತಿದ್ದ, ಮುಟ್ಟೋಕೆ ಬಿಡ್ತಿರಲಿಲ್ಲ, ಅವನು ಊಟಕ್ಕೆ ಹೋದಾಗ ಹೊಡೆದಿಟ್ಟೆ, ಬಂದು ನೋಡಿ ಇದು ಯಾವನು ಹೊಡೆದಿದ್ದು ಅಂದ, ಯಾವನಲ್ಲ ಸ್ವಾಮೀ ಯಾವಳು ಅಂದೆ — ಈಗ ಸ್ಕ್ರೀನ್ ಎತ್ತಿದೆ, ಬಲಗಡೆ ಕಡ್ಡಿಗಳೇ ಇಲ್ಲ, ಚಕ್ರ ಯಾರೋ ಕಚ್ಚಿದ ರೊಟ್ಟಿ. ಅಮ್ಮ, ಸಾಕು ಬಾ. ಮಗನ ದನಿ ಮೆತ್ತಗಿದೆ, ಅಯ್ಯೋ ಅನ್ನೋ ದನಿ, ಅದೇ ನನಗೆ ಆಗೋದಿಲ್ಲ, ಬೈಯೋ, ಕೂಗಾಡೋ, ಅಯ್ಯೋ ಮಾತ್ರ ಅನ್ನಬೇಡ. ಅದು ಚಿಂದಿ ಕಣೋ, ಅಂಗಿ ಇನ್ನೂ ಹಾಕಿಲ್ಲ ಅಂದೆ. ಭಯ ಆಗ್ತಿದೆ, ಆಗ್ಲಿ, ಭಯ ಆಗ್ತಾನೇ ಕೆಲಸ ಮಾಡಿದೀನಿ.

ಎಳೆಯೋಕೆ ಮಣಿಕಟ್ಟು ಬೇಕು, ಎರಡು ಬೇಕು, ಒಂದೇ ಇರೋದು. ನೂಕೋಕೆ? ಸೊಸೆ ನೂಕ್ತಾಳೆ, ಮೊದಲಿಂದಲೂ ಎದುರಿಗೆ ನೂಕೇ ಹೊಡೆಯೋದು, ನಾನು ಎಷ್ಟು ಆಡ್ಕೊಂಡಿದೀನಿ, ನೂಕೋಕೆ ಇದೇನು ಕೆಟ್ಟು ನಿಂತ ಗಾಡೀನೇನೇ ಅಂತ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನೂಕೋಕೆ ಮಣಿಕಟ್ಟು ಬೇಡ, ಮೈಭಾರ ಸಾಕು, ಭಾರಕ್ಕೇನು ಕಮ್ಮಿ ನನಗೆ. ಬಾರೇ ಇಲ್ಲಿ, ಆ ಹಳೇ ಅಂಗಿ ಹರಿದು ಪಟ್ಟಿ ಮಾಡು, ಈ ಬಲಗೈನ ಸ್ಕ್ವೀಜಿಗೆ ಕಟ್ಟು. ಅತ್ತೆ, ನೋವಾಗತ್ತೆ. ಆದರೆ ಒಳ್ಳೇದೇ, ಬದುಕಿದೆ ಅಂತ ಆಯ್ತು, ಬಿಗಿ ಕಟ್ಟು, ಇನ್ನೂ ಬಿಗಿ. ಕಟ್ಟಿದಳು, ಎರಡು ಸುತ್ತು, ಮೇಲೆ ಗಂಟು, ಹಲ್ಲು ಕಚ್ಕೊಂಡು ಕಟ್ಟಿದಳು, ಕಣ್ಣೆತ್ತಿ ನನ್ನ ನೋಡಲಿಲ್ಲ, ಪಕ್ಕಕ್ಕೆ ಬಂದು ಪಿಸುಗುಟ್ಟಿದಳು, ಹಿಡಿಯನ್ನ ಮುಂದಕ್ಕೆ ವಾಲಿಸಿ ಅತ್ತೆ, ತೋಳಿಂದಲ್ಲ, ಹೊಟ್ಟೆಯಿಂದ ನೂಕಿ, ನಿಲ್ಲಿಸಬೇಡಿ. ನನಗೇ ಪಾಠ! ಹೂಂ ಅಂದೆ, ಕೇಳಿಸ್ಕೊಂಡೆ. ಕಪ್ಪು ಅಂಗಿ ಹಲಗೆಗೆ ಏರಿತು, ಸುಕ್ಕು ಸವರಿದಳು, ಸ್ಕ್ರೀನ್ ಇಳೀತು, ನಾನು ವಾಲಿದೆ, ಮೇಜಿನ ಅಂಚು ಹೊಟ್ಟೆಗೆ ಒತ್ತಿತು, ಗಂಟು ಮಣಿಕಟ್ಟಿಗೆ ಒತ್ತಿತು, ನೂಕಿದೆ — ಚರ್ — ಕೇಳಿದ್ಯಾ, ಚರ್ — ಮೊದಲ ಪದರ ಬೂದಿ ಬಣ್ಣ, ಕಪ್ಪು ಅಷ್ಟು ಸುಲಭಕ್ಕೆ ಬಿಳಿಗೆ ಜಾಗ ಕೊಡೋದಿಲ್ಲ, ಬಿಸಿಗಾಳಿ ಹಿಡಿ, ಒಣಗಲಿ, ಇನ್ನೊಂದು ಸಲ ಅದೇ ಗೆರೆ ಮೇಲೇ, ಅಲುಗಬಾರದು, ಉಸಿರು ಹಿಡಿ, ನೂಕಿದೆ, ಸ್ಕ್ರೀನ್ ಎದ್ದಿತು. ಬಿಳಿ ಚಕ್ರ. ಅಂಚು ಚೂಪು, ಕಡ್ಡಿ ಎಲ್ಲ ಇವೆ, ಬಲಗಡೆ, ಎಡಗಡೆ, ಎಲ್ಲ. ಮಗ ಬಗ್ಗಿ ನೋಡಿದ, ತುಂಬಾ ಹೊತ್ತು ನೋಡಿದ, ಮೂಗು ಅಂಗಿಗೆ ತಾಗೋ ಹಾಗೆ, ಆಮೇಲೆ ಕೈ ಚಾಚಿ ಗಂಟು ಬಿಚ್ಚೋಕೆ ಬಂದ, ಅಮ್ಮ, ಬೆರಳು ನೀಲಿಯಾಗ್ತಿದೆ. ಬಿಚ್ಚಬೇಡ. ಕೈ ತೆಗಿ, ಬಿಚ್ಚಬೇಡ, ಮೇಜು ಇಲ್ಲೇ ಇರತ್ತೆ, ಇನ್ನೊಂದು ಅಂಗಿ ಹಾಕೇ ಅಂದೆ ಸೊಸೆಗೆ, ಅವಳು ಆಗಲೇ ಹಾಕಿದ್ದಳು, ಗಂಟು, ಕಪ್ಪು ಅಂಗಿ, ಗಂಟು, ಬಿಚ್ಚಬೇಡ