ನಾಲ್ಕೇ ಜನ ಹತ್ತುವ ಗೇಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಬಸ್ಸು ಓಡಿಸುವ ಮಾವ ಮಾತಿಲ್ಲದ ಮನುಷ್ಯ. ಅದರ ವ್ಯವಹಾರ ನೋಡುವ ಸೊಸೆಯೂ ಹಾಗೇ ಇದ್ದರೆ ಬಸ್ಸು ಶೆಡ್ಡು ಬಿಟ್ಟು ಹೊರಡುವುದೇ ಇಲ್ಲ.

ನಮ್ಮದು ಒಂದೇ ಬಸ್ಸು, ನಲವತ್ತು ಸೀಟು. ಊರಾಚೆ ಒಂದು ದೊಡ್ಡ ಲಾಂಡ್ರಿ ಇದೆ, ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲೇ ಒಗೆದು ಇಸ್ತ್ರಿ ಮಾಡುತ್ತಾರೆ. ಅದನ್ನು ದಾಟಿ ಒಂದು ಕಿಲೋಮೀಟರ್ ಹೋದರೆ ಬಿಸ್ಕತ್ತು ಕಾರ್ಖಾನೆ. ಎರಡೂ ಕಡೆಯ ಕೆಲಸದವರನ್ನು ಬೆಳಗ್ಗೆ ಬಿಟ್ಟು ಸಂಜೆ ವಾಪಸು ತರುವುದು ನಮ್ಮ ಕೆಲಸ. ಹತ್ತುವವರಿಗೆ ಟಿಕೆಟ್ಟಿಲ್ಲ, ಖರ್ಚನ್ನು ಎರಡು ಕಂಪನಿಗಳು ಅರ್ಧರ್ಧ ಹಾಕಿಕೊಳ್ಳುತ್ತವೆ. ಬೆಳಗ್ಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಇಳಿಯುತ್ತಾರೆ, ಎಣಿಸಲಾಗುವುದಿಲ್ಲ. ಅದಕ್ಕೇ ಸಂಜೆ ಯಾವ ಗೇಟಲ್ಲಿ ಎಷ್ಟು ಜನ ಹತ್ತಿದರು ಅಂತ ಮಾವ ಬರೆದುಕೊಡಬೇಕು, ಅದನ್ನು ನಾನು ವರದಿ ಮಾಡಿ ಎರಡೂ ಕಚೇರಿಗೆ ಕಳಿಸಬೇಕು ಎಂಬ ನಿಯಮ ಮಾಡಿದೆ. ನನ್ನದೇ ಬುದ್ಧಿವಂತಿಕೆ.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರು ಕರೆಸಿದರು. ಒಟ್ಟು ಲೆಕ್ಕ ಸರಿಯಿದೆಯಾ ಅಂತಷ್ಟೇ ನೋಡಿ ನಾನು ಕಳಿಸುತ್ತಿದ್ದ ವರದಿ ಮೇಜಿನ ಮೇಲೆ ತೆರೆದಿತ್ತು. ಲಾಂಡ್ರಿ ಗೇಟಲ್ಲಿ ಅರವತ್ತಮೂರು, ತಮ್ಮ ಗೇಟಲ್ಲಿ ನಾಲ್ಕು. ನಾಲ್ಕು ಜನಕ್ಕೆ ಅರ್ಧ ಖರ್ಚು ಯಾವ ನ್ಯಾಯ, ಮುಂದಿನ ತಿಂಗಳಿಂದ ನಾವಿಲ್ಲ ಎಂದರು. ಅವರು ಬಿಟ್ಟರೆ ಲಾಂಡ್ರಿ ಒಂದೇ ನಡೆಸುವುದಿಲ್ಲ. ಮಾವನ ಕೆಲಸ, ನನ್ನ ಕೆಲಸ, ಇಷ್ಟೂ ಜನರ ದಾರಿ ಎಲ್ಲ ಒಟ್ಟಿಗೆ ನಿಂತುಹೋಗುತ್ತಿತ್ತು.

ಮನೆಗೆ ಬಂದವಳೇ ಮಾವನ ಮೇಲೆ ಹರಿಹಾಯ್ದೆ. ಬೆಳಗ್ಗೆ ಬಸ್ಸು ತುಂಬಿ ಹೋಗುವ ಬಿಸ್ಕತ್ತಿನವರು ಸಂಜೆ ಆವಿಯಾಗುತ್ತಾರಾ, ಎಣಿಸಲು ಬರದಿದ್ದರೆ ಬಾಯಿಬಿಟ್ಟು ಹೇಳಬಾರದಾ ಅಂತ. ಅವರು ಕೈ ತೊಳೆದು ಒರೆಸಿಕೊಂಡು, "ಎಣಿಸಿದ್ದು ಸರಿಯಾಗೇ ಇದೆಯಮ್ಮ. ನೀನೇ ಒಂದಿನ ಬಾ" ಎಂದರು.

ಮರುದಿನ ಹೋದೆ. ನಾಲ್ಕೂವರೆಗೆ ಬಿಸ್ಕತ್ತು ಕಾರ್ಖಾನೆಯ ಗೇಟು ತೆರೆಯಿತು. ಮಾವ ಬಾಗಿಲು ತೆಗೆದಿಟ್ಟು ಕೂತಿದ್ದರು. ತುಂಬು ಬಸುರಿ ಒಬ್ಬಳು, ಕಾಲಿಗೆ ಪಟ್ಟಿ ಕಟ್ಟಿಕೊಂಡವನೊಬ್ಬ, ಮಂಡಿ ನೋವಿನ ಇಬ್ಬರು ಹತ್ತಿದರು. ಉಳಿದವರು ಮಾವನಿಗೆ ಕೈಬೀಸಿ, ಖಾಲಿ ಸೀಟುಗಳನ್ನು ಕಿಟಕಿಯಲ್ಲೇ ನೋಡಿಕೊಂಡು, ಮುಂದಕ್ಕೆ ನಡೆದುಬಿಟ್ಟರು. ಒಲೆಯ ಮುಂದೆ ನಿಲ್ಲುವವರು, ಪ್ಯಾಕಿಂಗಿನವರು, ಲಾರಿಗೆ ತುಂಬುವವರು. ಬಸ್ಸು ಕಾಣಿಸುತ್ತಿಲ್ಲವಾ ಎಂದು ಕೂಗಿದೆ. ನಡೆದರೆ ಹಸಿವಾಗುತ್ತೆ ಮೇಡಂ ಎಂದು ಒಬ್ಬ ನಕ್ಕ.

ಲಾಂಡ್ರಿ ಬಿಡುವುದು ಐದಕ್ಕೆ, ಅಲ್ಲಿವರೆಗೆ ಕಾದು ಹೊರಟ ನಾವು ಅಲ್ಲಿಗೆ ತಲುಪುವಾಗ ನಡೆದುಹೋದ ಆ ಮೂವತ್ತಮೂರು ಜನ ರಸ್ತೆಯಾಚೆ ಗೋಡೆ ಪಕ್ಕ ಹರಟೆ ಹೊಡೆಯುತ್ತ ನಿಂತಿದ್ದರು. ಲಾಂಡ್ರಿಯ ಹೆಂಗಸರು ಹೊರಬಂದರು. ಹಬೆಗೆ ಮುಖ ಕೆಂಪಾಗಿತ್ತು, ಬೆರಳ ತುದಿಯೆಲ್ಲ ನೆನೆದು ಸುಕ್ಕಾಗಿತ್ತು. ಮೂವತ್ತು ಹೆಂಗಸರೂ ಹತ್ತಿ ಸೀಟು ಹಿಡಿದು ಕಾಲು ಚಾಚಿದರು. ಆಮೇಲೆ ಬಿಸ್ಕತ್ತಿನವರು ಈಗಷ್ಟೇ ಓಡಿಬಂದವರ ಹಾಗೆ ಏದುಸಿರು ಬಿಡುತ್ತ ಹತ್ತಿದರು. ಆರು ಸೀಟು ಉಳಿದಿತ್ತು, ಅವರಲ್ಲಿ ವಯಸ್ಸಾದವರು ಕೂತರು, ಮಿಕ್ಕವರು ನಿಂತರು. ಎರಡು ತಿರುವು ದಾಟುವುದರೊಳಗೆ ಹೆಂಗಸರಲ್ಲಿ ಅರ್ಧಕ್ಕರ್ಧ ನಿದ್ದೆಗೆ ಬಿದ್ದಿದ್ದರು.

ಮಾವ ಮೆಲ್ಲಗೆ ವಿಷಯ ಹೇಳಿದರು. ಶುರುವಿನಲ್ಲಿ ಬಿಸ್ಕತ್ತಿನವರು ಮೊದಲೇ ಹತ್ತಿ ಕೂರುತ್ತಿದ್ದರಂತೆ, ಲಾಂಡ್ರಿಯವರು ಬಂದಾಗ ಎದ್ದು ಜಾಗ ಕೊಡುತ್ತಿದ್ದರಂತೆ. ನಾವೇನು ಮುದುಕಿಯರಾ ಎಂದು ಈ ಹೆಂಗಸರು ಜಗಳಕ್ಕೇ ನಿಂತರಂತೆ. ದಿನವಿಡೀ ನಿಂತೇ ಇಸ್ತ್ರಿ ಮಾಡುವವರು ಮನೆವರೆಗೂ ಹಠಕ್ಕೆ ಬಿದ್ದು ನಿಂತೇ ಹೋದರಂತೆ. ಹತ್ತು ದಿನ ಹೀಗಾಯಿತು. ಹನ್ನೊಂದನೆಯ ದಿನ ಬಿಸ್ಕತ್ತು ಗೇಟಲ್ಲಿ ಬಸ್ಸು ಖಾಲಿ ನಿಂತಿತು. ಯಾರೂ ಸಭೆ ಸೇರಿದ್ದಿಲ್ಲ, ಯಾರೂ ಹೇಳಿಕೊಟ್ಟದ್ದಿಲ್ಲ. ಎರಡು ವರ್ಷ, ಮಳೆಯಲ್ಲೂ.

ನಾನು ಹಿಂದೆ ತಿರುಗಿ, ನಿದ್ದೆಹೋದವರನ್ನೂ ನಿಂತವರನ್ನೂ ನೋಡಿದೆ. ನನಗ್ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನೀನು ವರದೀಲಿ ಬರೀತಿದ್ದೆ."

ನಿಜ, ಬರೆಯುತ್ತಿದ್ದೆ. ಲಾಂಡ್ರಿಯಲ್ಲಿ ಆ ವರದಿಯನ್ನು ಗೋಡೆಗೆ ಅಂಟಿಸುತ್ತಾರೆ. ಹೆಂಗಸರು ಓದಿದ ಮರುದಿನವೇ ಒಬ್ಬಳೂ ಕೂರುತ್ತಿರಲಿಲ್ಲ. ಹಾಗಂತ ಬರೆಯದಿದ್ದರೆ ಬಸ್ಸೇ ಇರುವುದಿಲ್ಲ. ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು, ಬೆಳಗ್ಗೆ ಮ್ಯಾನೇಜರನ್ನು ಇಷ್ಟೇ ಕೇಳಿಕೊಂಡೆ: ಇವತ್ತು ಸಂಜೆ ಕಾರು ಬಿಟ್ಟು ನಮ್ಮ ಬಸ್ಸಲ್ಲಿ ಬನ್ನಿ.

ಬಂದರು. ಮುಂದಿನ ಸೀಟಲ್ಲಿ ಗಡಿಯಾರ ನೋಡುತ್ತ ಕೂತರು. ತಮ್ಮವರೆಲ್ಲ ಕಿಟಕಿಯ ಪಕ್ಕದಲ್ಲೇ ನಡೆದುಹೋಗುವುದನ್ನು ಕಂಡು ಹುಬ್ಬು ಗಂಟಿಕ್ಕಿದರು. ಯಾಕೆ ಅಂತ ಕೇಳಿದರು, ನಾನು ನೋಡಿ ಎಂದಷ್ಟೇ ಹೇಳಿದೆ. ಲಾಂಡ್ರಿ ಗೇಟಿನಲ್ಲಿ ಗೋಡೆ ಪಕ್ಕದ ಗುಂಪನ್ನೂ ಹೊರಬರುತ್ತಿದ್ದ ಹೆಂಗಸರನ್ನೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. ಯಾರೂ ಹೇಳದೆ ಎದ್ದು ಕಂಬಿ ಹಿಡಿದು ನಿಂತರು.

ಮೊದಲು ಹತ್ತಿದ ಹಿರಿಯ ಹೆಂಗಸು ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಹೊಸಬರಾ? ಕೂತ್ಕೊಳ್ಳಪ್ಪ, ನಮ್ಮ ಬಸ್ಸಲ್ಲಿ ಸೀಟಿಗೆ ಬರ ಇಲ್ಲ. ಆ ಬಿಸ್ಕತ್ತಿನೋರು ಮಾತ್ರ ಪಾಪ, ಎರಡು ವರ್ಷದಿಂದ ದಿನಾ ಲೇಟು."

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವರು ಹಾಗೇ ಅಮ್ಮ," ಎಂದರು. "ಮುಂದಿನ ವರ್ಷವೂ ಲೇಟಾಗೇ ಬರ್ತಾರೆ."