ಟೀಚರಮ್ಮನ ಬಲಗೆನ್ನೆ

ಅರವತ್ತೆಂಟರ ತಾರಾನಾಥರು ಲೋಕವನ್ನು ತಿರುಗುಮುರುಗಾಗಿ ನೋಡಿಯೇ ಅನ್ನ ಉಂಡವರು. ಪದಕದ ಮೇಲೆ ಉಬ್ಬಿ ಕಾಣಬೇಕಾದ್ದನ್ನೆಲ್ಲ ಉಕ್ಕಿನ ಅಚ್ಚಿನಲ್ಲಿ ತಗ್ಗಾಗಿ ಕೊರೆಯಬೇಕು. ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ತಿರುಗಿಸಬೇಕು. ಠಾಣೆ ಪಕ್ಕದ ಕಳವಾ ಎಂಬ ಊರಿನ ಒಂದು ವರ್ಕ್‌ಶಾಪಿನಲ್ಲಿ ಕೂತು ನಲವತ್ತೆಂಟು ವರ್ಷ ಅದನ್ನೇ ಮಾಡಿದರು. ಓಟದಲ್ಲಿ ಗೆದ್ದ ಮಕ್ಕಳ ಪದಕ, ಬ್ಯಾಂಕುಗಳ ಸುವರ್ಣ ಮಹೋತ್ಸವದ ಪದಕ, ಕಂಡು ಕೇಳದ ಸೇಠ್‌ಗಳ ಗಲ್ಲ ಮೀಸೆ, ಎಲ್ಲ ಅವರ ಉಳಿಯಲ್ಲಿ ಹುಟ್ಟಿದವು. ಈಗ ಆ ಕೆಲಸವನ್ನು ಮಷೀನು ಅರ್ಧ ದಿನದಲ್ಲಿ ಮುಗಿಸುತ್ತದೆ. ಯಜಮಾನ ಶೈಲೇಶ್ ಒಳ್ಳೆಯವನು, ಕಿಟಕಿ ಪಕ್ಕದ ಮೇಜನ್ನು ಮಾತ್ರ ಅವರಿಗೆಂದು ಬಿಟ್ಟಿದ್ದ.

ಆ ಮೇಜಿನ ಮುಂದೆ ಒಂದು ದಿನ ಡೊಂಬಿವಲಿಯ ಅಪರ್ಣಾ ಬಂದು ನಿಂತಳು. ಅವಳ ತಾಯಿ ಅನಸೂಯಾ ಟೀಚರು ಹೋದ ವರ್ಷ ತೀರಿಕೊಂಡಿದ್ದರು. ಅವರು ಐವತ್ತು ವರ್ಷ ನಡೆಸಿದ ಭಾನುವಾರದ ಕನ್ನಡ ತರಗತಿಯಲ್ಲಿ ಇನ್ನು ಮುಂದೆ ವರ್ಷಕ್ಕೊಂದು ಮಗುವಿಗೆ ಅವರ ಹೆಸರಿನ ಪದಕ ಕೊಡುವುದೆಂದು ಅಲ್ಲಿನ ಕನ್ನಡ ಸಂಘದವರು ಗೊತ್ತುಮಾಡಿದ್ದರು.

"ಮಷೀನ್‌ದು ಬೇಡ ಮಾಮ. ಕೈಯಲ್ಲೇ ಮಾಡಿ ಕೊಡ್ತೀರಾ?" ಎಂದು ಫೋಟೋ ಕೊಟ್ಟಳು.

ತಾರಾನಾಥರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಡುಪಿಯಿಂದ ಬಂದು ಠಾಣೆಯ ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದ ಹದಿನೆಂಟರ ಪ್ರಾಯದಲ್ಲಿ, ಆಗ ಠಾಣೆಯಲ್ಲೇ ನಡೆಯುತ್ತಿದ್ದ ಆ ತರಗತಿಯಲ್ಲಿ, ಅವರ ಕೈ ಹಿಡಿದು ಅ ಆ ಬರೆಸಿದವರು ಇದೇ ಟೀಚರು. ಆ ಅಕ್ಷರ ಇದ್ದದ್ದಕ್ಕೇ ಈ ಕಸುಬು ಸಿಕ್ಕಿತು. ಸಾವಿರ ಜನರ ಮುಖ ಕೆತ್ತಿದವರಿಗೆ ತಾವು ಬಲ್ಲ ಮುಖ ಇದೇ ಮೊದಲು. ಕಣ್ಣಿಗೆ ಪೊರೆ ಬಂದಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಕೊನೆಯದೂ ಇದೇ ಎಂದು ಅವರಿಗೆ ಗೊತ್ತಿತ್ತು.

ಫೋಟೋದಲ್ಲಿ ಟೀಚರ ಎಡಗೆನ್ನೆ, ಎಡಮೂಗಿನಲ್ಲಿ ಮೂಗುತಿ. ತಾರಾನಾಥರು ನಕ್ಕರು. ಉಡುಪಿ ಕಡೆಯ ಹೆಂಗಸು ಎಡಕ್ಕೆ ಮೂಗುತಿ ಇಡುವುದುಂಟೇ? ಅದು ಮರಾಠಿಯವರ ಕ್ರಮ. ಮೊಬೈಲಿನ ಫೋಟೋ ಎಡಬಲ ತಿರುಗಿ ಬರುವುದನ್ನು ಅವರು ಬೇಕಾದಷ್ಟು ಕಂಡಿದ್ದರು. ಹಿಂದೊಮ್ಮೆ ಹಾಗೆಯೇ ಯಾರದೋ ಕೆನ್ನೆಯ ಮಚ್ಚೆ ಆಚೆ ಬದಿಗೆ ಹೋಗಿ, ಇನ್ನೂರು ಪದಕ ಕರಗಿಸಬೇಕಾಗಿತ್ತು. ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಬಲಮೂಗಿನ ಮೂಗುತಿಯೊಂದಿಗೆ ಟೀಚರನ್ನು ಕಂಡವನಿಗೆ ಯಾರನ್ನು ಕೇಳಲಿಕ್ಕುಂಟು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮುಖವನ್ನು ಬಲಕ್ಕೆ ತಿರುಗಿಸಿ, ಭೂತಗನ್ನಡಿ ಹಿಡಿದು, ದಿನಕ್ಕೆ ಎರಡು ತಾಸಿನಂತೆ ಎರಡು ತಿಂಗಳು ಕೊರೆದರು. ಬಲಮೂಗಿನ ಮೇಲೆ ಸಾಸಿವೆಯಷ್ಟು ಮೂಗುತಿಯನ್ನೂ ಇಟ್ಟರು.

ಸಮಾರಂಭಕ್ಕೆ ಎಂಟು ದಿನ ಇದ್ದಾಗ ಅಚ್ಚನ್ನು ಮೇಣದ ಮೇಲೆ ಒತ್ತಿ ಅಪರ್ಣಾಳ ಮುಂದಿಟ್ಟರು. ಅಚ್ಚಿಗೆ ಬೆಂಕಿ ಕೊಟ್ಟು ಗಟ್ಟಿ ಮಾಡುವ ಮೊದಲು ಹೀಗೆ ತೋರಿಸುವುದು ರೂಢಿ.

ಅವಳು ತುಂಬಾ ಹೊತ್ತು ನೋಡಿದಳು. "ಚೆನ್ನಾಗಿದೆ ಮಾಮ. ಆದ್ರೆ ಇದು ಅಮ್ಮ ಅಲ್ಲ."

"ಎಂತ ಮಗಾ?"

"ಮೂಗುತಿ ರಾಂಗ್ ಸೈಡ್. ಅಮ್ಮಂದು ಎಡಗಡೆ."

"ಅದು ಫೋಟೋ ತಿರುಗಿದ್ದು ಮಾರಾಯ್ತಿ. ನಾನು ಅವರನ್ನು ಕಂಡವ."

"ನಾನು ನಲವತ್ತೆರಡು ವರ್ಷ ಕಂಡವಳು ಮಾಮ."

ತಾರಾನಾಥರು ಫೋಟೋವನ್ನು ಮತ್ತೆ ಕೈಗೆತ್ತಿಕೊಂಡರು. ಅಪರ್ಣಾಳೇ ಹೇಳಿದಳು. ಅವಳು ಎರಡು ವರ್ಷದವಳಿದ್ದಾಗ, ದಿವಾ ಸ್ಟೇಷನ್ನಿನ ನೂಕಾಟದಲ್ಲಿ ಟೀಚರ ಮೂಗುತಿ ಯಾರದೋ ಜರಿ ಸೆರಗಿಗೆ ಸಿಕ್ಕಿ ಬಲಮೂಗು ಹರಿದುಹೋಯಿತು. ಕರ್ಚೀಫು ಒತ್ತಿಕೊಂಡೇ ತರಗತಿಗೆ ಹೋಗಿ ಪಾಠ ಮಾಡಿ ಬಂದರಂತೆ. ಹೊಲಿಗೆ ಹಾಕಿದ ಮೇಲೆ ಅಲ್ಲಿ ಮತ್ತೆ ಚುಚ್ಚಿಸುವಂತಿರಲಿಲ್ಲ. ಡೊಂಬಿವಲಿಯ ಅಕ್ಕಸಾಲಿಗನಲ್ಲಿ ಎಡಕ್ಕೆ ಚುಚ್ಚಿಸಿಕೊಂಡರು. ಈಗ ನೀನು ನಮ್ಮವಳಾದೆ ಎಂದು ನೆರೆಯ ಮರಾಠಿ ಹೆಂಗಸರು ಅರಿಸಿನ ಕುಂಕುಮ ಕೊಟ್ಟರಂತೆ.

"ಆಮೇಲೆ ಅಮ್ಮ ಕ್ಯಾಮೆರಾಕ್ಕೆ ಯಾವಾಗ್ಲೂ ಎಡಗೆನ್ನೆನೇ ಕೊಡ್ತಿದ್ಲು. ಆ ಗಾಯ ಕಾಣಬಾರದು ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉಕ್ಕಿನದೂ ಅದೇ ಹಣೆಬರಹ. ಕೊರೆದ ಗುಳಿಯನ್ನು ಇನ್ನಷ್ಟು ಕೊರೆಯಬಹುದೇ ಹೊರತು ತುಂಬಲಾಗದು. ಶೈಲೇಶ್ ಹತ್ತಿರ ಬಂದು ಮೆಲ್ಲಗೆ, "ಅಂಕಲ್, ಟೆನ್ಶನ್ ಮತ್ ಲೋ, ತಲೆಬಿಸಿ ಬೇಡ. ಫೋಟೋ ಉಂಟಲ್ಲ, ಮಷೀನಿಗೆ ಹಾಕಿದ್ರೆ ನಾಳೆ ರೆಡಿ," ಎಂದ. ಪಾಪ, ಸಮಾಧಾನಕ್ಕೇ ಹೇಳಿದ್ದು. ತಾರಾನಾಥರಿಗೆ ಅದು ಚಾಕು ಹಾಕಿದಂತಾಯಿತು.

ಆದರೆ ಅದಕ್ಕಿಂತ ಆಳಕ್ಕೆ ಇಳಿದದ್ದು ಬೇರೆ. ಕಳವಾ ಸ್ಟೇಷನ್ನಿನಿಂದ ಡೊಂಬಿವಲಿಗೆ ಎಷ್ಟು ದೂರ? ನಾಲ್ಕು ಸ್ಟೇಷನ್. ಕೆಲಸ ಸಿಕ್ಕಿ ತರಗತಿ ಬಿಟ್ಟ ಮೇಲೆ ನಲವತ್ತೆಂಟು ವರ್ಷಗಳಲ್ಲಿ ಒಂದು ಸಲವೂ ಹೋಗಿ ಹೇಗಿದ್ದೀರಿ ಟೀಚರೇ ಎಂದು ಕೇಳಿರಲಿಲ್ಲ. ಕಂಡವನಂತೆ, ಕಂಡವ! ನಾಚಿಕೆಯಿಂದ ತಲೆ ತಗ್ಗಿತು.

"ತಪ್ಪು ನನ್ನದೇ ಮಗಾ," ಎಂದರು. "ಒಂದು ಸಲ ಬಂದು ನೋಡಿದ್ರೆ ಗೊತ್ತಾಗ್ತಿತ್ತು. ಬರ್ಲಿಲ್ಲ." ಮೇಣದ ಮುಖವನ್ನು ಅವಳತ್ತ ಸರಿಸಿ, "ಆ ಗಾಯ ಹೇಗಿತ್ತು?" ಎಂದು ಕೇಳಿದರು.

ಅಪರ್ಣಾ ಉಗುರಿನಿಂದ ಮೇಣದ ಮೇಲೆ ಎಳೆದು ತೋರಿಸಿದಳು. ಮೂಗುತಿ ಇದ್ದಲ್ಲಿಂದ ಹೊಳ್ಳೆಯ ಅಂಚಿನವರೆಗೆ, ಕೊನೆಗೆ ತುಸು ಕೊಂಕಿದ ಒಂದು ಗೆರೆ.

ತಾರಾನಾಥರು ಆ ಗೆರೆಯನ್ನೇ ನೋಡಿದರು. ಅದು ಅವರು ಕೊರೆದ ಗುಳಿಯಿಂದಲೇ ಶುರುವಾಗುತ್ತಿತ್ತು. "ಈ ಮೂಗುತಿಯನ್ನು ತೆಗೀಲಿಕ್ಕೆ ಆಗುದಿಲ್ಲ. ಆದ್ರೆ ಇದನ್ನೇ ಎಳೆದು ಗಾಯ ಮಾಡ್ಲಿಕ್ಕೆ ಆಗ್ತದೆ. ಟೀಚರು ಮುಚ್ಚಿಟ್ಟದ್ದು ಅದು. ತೋರಿಸುದಾ ಬೇಡವಾ, ನೀನು ಹೇಳಬೇಕು. ಬೇಡ ಅಂದ್ರೆ ಮಷೀನಿಗೆ ಹಾಕುವ, ನನಗೆ ಬೇಜಾರಿಲ್ಲ." ಕೊನೆಯದು ಸುಳ್ಳು.

ಅಪರ್ಣಾ ಕಿಟಕಿಯಾಚೆ ನೋಡುತ್ತ ಕೂತಳು. ಲೋಕಲ್ ರೈಲೊಂದು ಸದ್ದು ಮಾಡಿ ಹೋದ ಮೇಲೆ, "ಮಾಡಿ ಮಾಮ," ಎಂದಳು.

ತಾರಾನಾಥರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಉಳಿ ನಡೆಸಿದರು. ಅಕ್ಕಿಕಾಳಿನಷ್ಟು ಗೆರೆಗೆ ಮುಕ್ಕಾಲು ತಾಸು ಹಿಡಿಯಿತು. ಹೊಸ ಮೇಣಕ್ಕೆ ಅಚ್ಚೊತ್ತಿ ಅವಳ ಕೈಗಿಟ್ಟರು.

ಅವಳು ನೋಡಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಮುಖದ ಮೇಲೆ ಆಡಿಸಿದಳು. ಹಣೆ, ಹುಬ್ಬು, ಮೂಗು. ಅಲ್ಲಿ ಬೆರಳು ನಿಂತಿತು.

"ಚಿಕ್ಕೋಳಿದ್ದಾಗ ಅಮ್ಮನ ಬಲಗಡೆ ಮಲಗ್ತಿದ್ದೆ," ಎಂದಳು. "ನಿದ್ದೆ ಬರೋವರೆಗೂ ಇದನ್ನೇ ಮುಟ್ತಿದ್ದೆ. ನಂಗಷ್ಟೇ ಮುಟ್ಟೋಕೆ ಬಿಡ್ತಿದ್ಲು." ಕಣ್ಣು ತೆರೆಯದೆಯೇ ಅತ್ತಳು.

ತಾರಾನಾಥರೂ ಅತ್ತರು, ಶೈಲೇಶ್ ನೋಡುತ್ತಾನೆಂಬ ಸಂಕೋಚ ಇಟ್ಟುಕೊಳ್ಳಲಿಲ್ಲ. ಆಮೇಲೆ ಭೂತಗನ್ನಡಿ ಒರೆಸಿಟ್ಟು, "ಸಮಾರಂಭದ ಭಾನುವಾರ ಪದಕ ನಾನೇ ತರ್ತೇನೆ ಮಗಾ. ಡೊಂಬಿವಲಿಯಲ್ಲಿ ಇಳಿದು ಯಾವ ಬದಿಗೆ ಬರಬೇಕು?" ಎಂದು ಕೇಳಿದರು.